ಮುಚ್ಚಳ ತೆಗೆದವರು

ಮಾರ್ಚ್ ೫, ಬುಧವಾರ

ವೆಂಕಟರಾಮಪ್ಪನವರ ಹುಳುಮನೆಯ ಬಾಕ್ಸು ಇವತ್ತು ಮತ್ತೆ ಸುಮ್ಮನಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಿಂತಿತು. ಸುಮಾರು ಒಂದು ಗಂಟೆ ಬಿಟ್ಟು ತಾನಾಗಿಯೇ ಎದ್ದಿತು.

"ಬಂತಲ್ಲ, ಬಿಡೇ," ಅಂದಳು ಹರಿಣಿ.

ನನಗೆ ಸಮಾಧಾನವಿಲ್ಲ. ಸೆಲ್ ಖಾಲಿಯಾಗಿ ನಿಂತ ಬಾಕ್ಸು ನಿಂತೇ ಇರಬೇಕು. ಮತ್ತೆ ಎದ್ದಿತು ಅಂದರೆ ಯಾರೋ ಎಬ್ಬಿಸಿದ್ದಾರೆ. ಎಬ್ಬಿಸಿದವರೇ ಮಲಗಿಸಿಯೂ ಇರಬೇಕು.

ಚಿಕ್ಕಬಳ್ಳಾಪುರದ ಈ ಒಂದು ಕೋಣೆಯಲ್ಲಿ ಕೂತು ನಾನು ಮತ್ತು ಹರಿಣಿ ಎರಡು ವರ್ಷ ತಲೆ ಕೆಡಿಸಿಕೊಂಡು ಮಾಡಿದ ವಸ್ತು ಇದು. ಸೋಪಿನ ಡಬ್ಬಿಯಷ್ಟು ದೊಡ್ಡದು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ನೇತುಹಾಕಿದರೆ ಬಿಸಿ ಎಷ್ಟು, ತೇವ ಎಷ್ಟು ಎಂದು ನೋಡುತ್ತಿರುತ್ತದೆ. ಮಿತಿ ಮೀರಿದರೆ ಕೂಗುತ್ತದೆ, ಮನೆಯವರ ಫೋನಿಗೂ ಸುದ್ದಿ ಕಳಿಸುತ್ತದೆ. ಒಳಗೆ ಎರಡು ಸೆಲ್ಲು, ಒಂದು ರೇಡಿಯೋ, ಹುಣಸೆ ಬೀಜಕ್ಕಿಂತ ಚಿಕ್ಕದಾದ ಒಂದು ಚಿಪ್. ಜಂಗಮಕೋಟೆಯಲ್ಲಿ ಹಾಕಿದ್ದೇವೆ, ಗೌರಿಬಿದನೂರಲ್ಲಿ ಹಾಕಿದ್ದೇವೆ. ಎಲ್ಲೂ ಈ ರೋಗವಿಲ್ಲ. ದಿಬ್ಬೂರಹಳ್ಳಿ ಹತ್ತಿರದ ಆ ಒಂದು ಮನೆಯಲ್ಲಿ ಮಾತ್ರ.

ಆ ಮನೆಯಲ್ಲೇ ಯಾಕೆ? ವೆಂಕಟರಾಮಪ್ಪ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘದಲ್ಲಿ ಹಿರಿಯರು. ಈ ಬೇಸಿಗೆಯಲ್ಲಿ ಬಾಕ್ಸು ಅವರ ಮನೆಯಲ್ಲಿ ಸರಿಯಾಗಿ ನಡೆದರೆ ಸಂಘದವರೆಲ್ಲ ತೆಗೆದುಕೊಳ್ಳುತ್ತಾರೆ. ನಡೆಯದಿದ್ದರೆ ನಾವು ಈ ಕೋಣೆಗೆ ಬೀಗ ಹಾಕಬೇಕು. ಇದು ಕಾಕತಾಳೀಯ ಅಂತ ನಂಬುವಷ್ಟು ನಾನು ಚಿಕ್ಕವಳಲ್ಲ.

ಮಾರ್ಚ್ ೭, ಶುಕ್ರವಾರ

ಹೋಗಿ ಬಂದೆ. ಹುಳುಮನೆಯ ಬಾಗಿಲ ಹತ್ತಿರ ಹೋಗುತ್ತಿದ್ದ ಹಾಗೆಯೇ ವೆಂಕಟರಾಮಪ್ಪ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೊಳಮ್ಮ. ಒಳಕ್ಕೆ ಬರ್ಬೇಡ. ಹುಳ ಜ್ವರಕ್ಕೆ ಕೂತೈತೆ."

ಜ್ವರ ಅಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ಅದು ನನಗೂ ಗೊತ್ತು. ಆದರೆ ಸೊಪ್ಪಿನ ಹೊರೆ ಹೊತ್ತು ಬಂದ ಆಳು ನನ್ನ ಪಕ್ಕದಲ್ಲೇ ಸರಾಗವಾಗಿ ಒಳಗೆ ಹೋಗಿ ಬಂದ. ನಾನು ಅಂಗಳದಲ್ಲಿ ನಿಂತಿದ್ದೆ. ಅವರ ಸೊಸೆ ಬಾಕ್ಸನ್ನು ಹೊರಗೆ ತಂದುಕೊಟ್ಟಳು.

ವೆಂಕಟರಾಮಪ್ಪನವರ ಹೆಂಡತಿ ಅಮ್ಮಾಜಮ್ಮ ಜಗಲಿಯ ಮೇಲೆ ಕೂತಿದ್ದರು. ಬಾಕ್ಸು ಹಾಕಿದ ದಿನ ಅವರು ಮನೆಯಲ್ಲಿರಲಿಲ್ಲ.

"ಯಾವೂರಮ್ಮ ನಿಂದು? ಯಾರ ಪೈಕಿ?"

"ಚಿಕ್ಕಬಳ್ಳಾಪುರ. ನಮ್ಮಮ್ಮ ಆಂಜಿನಮ್ಮ ಅಂತ. ಮೊದ್ಲು ಈ ಕಡೆಯೆಲ್ಲ ನರ್ಸ್ ಆಗಿದ್ರು."

"ಓ. ಆ ನರ್ಸಮ್ಮನ ಮಗಳಾ ನೀನು."

ಅಷ್ಟೇ ಅಂದದ್ದು. ಆಮೇಲೆ ಕಾಫಿ ಬಂತು. ಅವರಿಗೆಲ್ಲ ಸ್ಟೀಲ್ ಲೋಟ, ನನಗೆ ಪೇಪರ್ ಕಪ್ಪು. ಬಂದವರಿಗೆಲ್ಲ ಹಾಗೇ ಕೊಡುತ್ತಾರೇನೋ. ಹಾಗೇ ಅಂದುಕೊಂಡು ಕುಡಿದೆ. ಕುಡಿದು ಕಪ್ಪನ್ನು ಎಲ್ಲಿ ಎಸೆಯಬೇಕೆಂದು ಕೇಳಲಿಲ್ಲ, ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ.

ಚಿಪ್ ಪ್ರತಿ ಸಲ ಎದ್ದಾಗಲೂ ತಾನು ಯಾಕೆ ಎದ್ದೆ ಎಂದು ಒಂದು ಗುರುತು ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಹಚ್ಚಿ ಓದಿದೆ. ಎಲ್ಲ ಸಲವೂ ಒಂದೇ ಉತ್ತರ: ಕರೆಂಟು ಪೂರ್ತಿ ಹೋಗಿತ್ತು, ಮತ್ತೆ ಬಂತು. ಅಂದರೆ ಸೆಲ್ ಕಿತ್ತು ಮತ್ತೆ ಹಾಕಿದ್ದಾರೆ. ಬೇರೆ ಅರ್ಥವಿಲ್ಲ. ಜನ ಏನು ಬೇಕಾದರೂ ಹೇಳಬಹುದು, ಚಿಪ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಯಾರ ಪೈಕಿಯೂ ಅಲ್ಲ.

ಮಾರ್ಚ್ ೧೦, ಸೋಮವಾರ

ಯಾರು?

ಅಮ್ಮಾಜಮ್ಮ: ಶುಕ್ರವಾರವೇ ಹೇಳಿದ್ದರು, "ಅದು ಕೂಗ್ದಾಗೆಲ್ಲ ಎದೆ ಝಲ್ ಅಂತದಮ್ಮ." ಬಾಕ್ಸು ನಿಲ್ಲುವುದು ಯಾವಾಗಲೂ ಬಿಸಿಲೇರಿದಾಗ. ಯಜಮಾನರು ಆಗ ತೋಟದಲ್ಲಿರುತ್ತಾರೆ. ಕೂಗು ಶುರುವಾದ ಕೂಡಲೇ ಸೆಲ್ ಕೀಳಿಸುತ್ತಾರೆ, ಅವರು ಬರುವ ಹೊತ್ತಿಗೆ ಹಾಕಿಸುತ್ತಾರೆ. ಹೊಂದುತ್ತದೆ.

ಮಗ ಸುನೀಲ್‌ಕುಮಾರ್: ಗೌರಿಬಿದನೂರಲ್ಲಿ ಯಾವುದೋ ಫ್ಯಾಕ್ಟರಿಯಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಇವತ್ತು ಫೋನ್ ಮಾಡಿದ್ದ. "ಮೇಡಂ, ನಿಮ್ದು ಹಿಂಗೇ ನಿಂತೋಗ್ತಿದ್ರೆ ಹೇಳ್ಬಿಡಿ. ನಮ್ಮ ಫ್ರೆಂಡ್ ಒಬ್ರು ಬೇರೆ ಕಂಪನಿದು ಕೊಡಿಸ್ತಾರಂತೆ." ಅವನಿಲ್ಲದ ದಿನಗಳಲ್ಲೇ ನಿಂತಿದೆ, ನಿಜ. ಆದರೆ ಹೇಳಿ ಮಾಡಿಸಬಹುದಲ್ಲ?

ಸೊಸೆ: ಮಾತಾಡುವುದಿಲ್ಲ. ಯಾರು ಹೇಳಿದರೂ ಮಾಡುವವಳ ಹಾಗೆ ಕಾಣುತ್ತಾಳೆ.

ಹರಿಣಿಗೆ ಹೇಳಿದರೆ, "ನಂ ಸರ್ಕ್ಯೂಟ್ ಒಂದ್ಸಲ ನೋಡಣ ಕಣೇ," ಅಂದಳು. ಸರ್ಕ್ಯೂಟ್ ಎಲ್ಲ ಮನೆಯಲ್ಲೂ ಅದೇ. ಮನೆ ಮಾತ್ರ ಬೇರೆ.

ಮಾರ್ಚ್ ೨೦, ಗುರುವಾರ

ಬಾಕ್ಸಿನೊಳಗೆ ಬೆಳಕು ನೋಡುವ ಒಂದು ಕಣ್ಣು ಕೂರಿಸಿದೆ. ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದು. ಮುಚ್ಚಳ ಹಾಕಿದ್ದರೆ ಒಳಗೆ ಕತ್ತಲು. ತೆಗೆದ ಕೂಡಲೇ ಬೆಳಕು ಬೀಳುತ್ತದೆ, ಚಿಪ್ ಬರೆದಿಟ್ಟುಕೊಳ್ಳುತ್ತದೆ.

"ಅವ್ರಿಗೆ ಹೇಳ್ದೆ ಅವ್ರ ಮನೇಲಿ ಕಣ್ಣು ಇಡ್ತೀಯೇನೇ?" ಹರಿಣಿ ಕೇಳಿದಳು.

"ಕ್ಯಾಮೆರಾ ಅಲ್ವಲ್ಲ. ಬೆಳಕು ಬಿತ್ತಾ, ಇಲ್ವಾ, ಅಷ್ಟೇ."

ಅವಳಿಗೆ ಇಷ್ಟವಾಗಲಿಲ್ಲ. ಆಗುವುದೂ ಬೇಡ.

ನಾನೇ ಹೋಗಿ ನೇತುಹಾಕಿಸಿ ಬಂದೆ. ಹಿಂದಿನ ಬೆಳೆಯ ಗೂಡು ಮಾರಿ ಮುಗಿದಿದೆ. ಹೊಸ ಮರಿಹುಳು ಬರುವ ಮುಂಚೆ ಹುಳುಮನೆ ತೊಳೆಯುತ್ತಿದ್ದರು. ಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ, ಸ್ಟ್ಯಾಂಡು, ಚಾವಣಿ ಎಲ್ಲದಕ್ಕೂ ಬ್ಲೀಚಿಂಗ್ ಪೌಡರ್ ನೀರು ಹೊಡೆಯುತ್ತಿದ್ದಳು. ಅಂಗಳದಲ್ಲಿ ನಿಂತವಳಿಗೇ ಕಣ್ಣು ಉರಿಯಿತು. ಬಾಕ್ಸು ತೆಗೆದುಕೊಳ್ಳುವಾಗ, "ಮೇಡಂ, ಒಂದು ಕೇಳ್ಲಾ?" ಅಂದಳು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕರೆದರು. ಹೋದಳು.

ಏನು ಕೇಳುವವಳಿದ್ದಳೋ. ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡವರ ಭಾವವಿತ್ತು.

ಮಾರ್ಚ್ ೨೬, ಬುಧವಾರ

ಮಧ್ಯಾಹ್ನ ನಿಂತಿತು. ಮತ್ತೆ ಎದ್ದಿತು.

ಸಿಕ್ಕರು.

ಮಾರ್ಚ್ ೨೯, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬಾಕ್ಸನ್ನು ಅಂಗಳಕ್ಕೆ ತರಿಸಿ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಓದಿದೆ. ಇತ್ತು. ಕರೆಂಟು ಹೋಗಿ ಬಂತು; ಮುಚ್ಚಳ ತೆಗೆದಿತ್ತು. ವೆಂಕಟರಾಮಪ್ಪನವರನ್ನು ಕರೆದೆ. ಅಮ್ಮಾಜಮ್ಮನೂ ಬಂದರು.

"ಸಾರ್, ನಮ್ಮ ಬಾಕ್ಸು ಕೆಡ್ತಾ ಇಲ್ಲ. ನಿಮ್ಮ ಮನೇಲಿ ಯಾರೋ ಮುಚ್ಚಳ ತೆಗ್ದು ಸೆಲ್ ಕೀಳ್ತಿದಾರೆ. ಇಲ್ಲಿ ಬರ್ದಿದೆ ನೋಡಿ."

ಅವರು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಮ್ಮನೇಲಿ ಯಾರಮ್ಮ ತೆಗೀತಾರೆ?"

ಸೊಸೆ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೊಪ್ಪಿತ್ತು. "ನಾನೇ ತೆಗ್ದೆ ಮಾವ," ಅಂದಳು.

ಆಮೇಲೆ ಅಮ್ಮಾಜಮ್ಮ, "ನಿನ್ಗ್ಯಾಕಮ್ಮ ಬೇಕಿತ್ತು ಆ ಉಸಾಬರಿ?" ಅಂದರು. ಅವರ ದನಿಯಲ್ಲಿ ಆಶ್ಚರ್ಯವಿತ್ತು, ನಟನೆ ಇರಬಹುದು.

"ತೆಗ್ದಿದ್ದು ನಿಜ," ಅವಳು ನನ್ನ ಕಡೆ ತಿರುಗಿದಳು. "ಯಾವಾಗ ತೆಗ್ದೆ ಅಂತ ಕೇಳಿ."

"ಯಾವಾಗ ಅಂತ ಗೊತ್ತು. ಬುಧವಾರ ಮಧ್ಯಾಹ್ನ," ಅಂದೆ.

ಅವಳು ಇನ್ನೇನೋ ಹೇಳಲು ಬಾಯಿ ತೆರೆದು ಮಾವನ ಮುಖ ನೋಡಿದಳು, ತಲೆ ತಗ್ಗಿಸಿದಳು. ವೆಂಕಟರಾಮಪ್ಪನವರಿಗೆ ಹೊರಗಿನವಳ ಮುಂದೆ ಅವಮಾನವಾಗಿತ್ತು. ಅದು ಕಾಣುತ್ತಿತ್ತು. "ಸಂಘದವ್ರ ಮುಂದೆ ನಾನೇನು ಹೇಳ್ಲಿ? ನಮ್ಮ ಮನೆಯೋರೇ ಕೆಡಿಸಿದ್ರು ಅಂತಲಾ? ಇನ್ಮೇಲೆ ಅದ್ರ ಮೇಲೆ ಯಾರೂ ಕೈ ಇಡ್ಕೂಡ್ದು. ಕೂಗಿದ್ರೆ ಕೂಗ್ಲಿ, ಸುಮ್ಕಿದ್ರೆ ಸುಮ್ಕಿರ್ಲಿ."

ಸೊಪ್ಪನ್ನು ಬಾಗಿಲ ಬಳಿ ಇಟ್ಟು ಸೊಸೆ ಒಳಗೆ ಹೋದಳು.

ಬರುವಾಗ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ಮಸಾಲೆ ದೋಸೆ ತಿಂದೆ. ಬಹಳ ದಿನಗಳ ಮೇಲೆ ಹಸಿವಾಗಿತ್ತು.

ಮಾರ್ಚ್ ೩೧, ಸೋಮವಾರ

ಸೊಸೆ ಯುಗಾದಿಗೆಂದು ತವರಿಗೆ ಹೋಗಿದ್ದಾಳಂತೆ, ಚಿಂತಾಮಣಿ ಕಡೆ. ಸುನೀಲ್‌ಕುಮಾರ್ ಫೋನಿನಲ್ಲಿ ಹೇಳಿದ. ಯಾವಾಗ ಬರುತ್ತಾಳೆಂದು ಹೇಳಲಿಲ್ಲ. ಹಬ್ಬಕ್ಕೆ ತವರಿಗೆ ಹೋಗುವುದು ಇದ್ದದ್ದೇ. ಆದರೆ ಹುಳು ಬೆಳೆಯುತ್ತಿರುವಾಗ ಸಾಕುವವರು ಮನೆ ಬಿಟ್ಟು ಹೋಗುತ್ತಾರೆಯೇ? ತಪ್ಪು ಮಾಡಿದವರು ಹೀಗೇ ಜಾಗ ಖಾಲಿ ಮಾಡುತ್ತಾರೆ.

ಬಾಕ್ಸು ಚೆನ್ನಾಗಿ ನಡೆಯುತ್ತಿದೆ. ಅವಳು ಹೋದ ಮೇಲೆ ಒಂದು ಸಲವೂ ನಿಂತಿಲ್ಲ.

ಏಪ್ರಿಲ್ ೪, ಶುಕ್ರವಾರ

ಮಧ್ಯಾಹ್ನ ನಿಂತಿತು. ಎದ್ದಿಲ್ಲ. ಸಂಜೆಯಾದರೂ ಎದ್ದಿಲ್ಲ.

ವೆಂಕಟರಾಮಪ್ಪ ಕೊನೆಗೆ ಫೋನ್ ತೆಗೆದರು. ಏದುಸಿರು ಬಿಡುತ್ತಿದ್ದರು.

"ಅದು ಕೂಗ್ಲಿಲ್ಲಮ್ಮ. ಕೂಗಿದ್ರೆ ನೋಡ್ತಿದ್ವಿ. ಸುಮ್ಕಿದೆ, ಬಿಸಿ ಕಮ್ಮಿ ಇರ್ಬೇಕು ಅಂದ್ಕೊಂಡ್ಳು ನಮ್ಮೋಳು."

ಆಮೇಲೆ ಫೋನ್ ಇಟ್ಟರು.

ಏಪ್ರಿಲ್ ೫, ಶನಿವಾರ

ಇವತ್ತು ಯಾರೂ ನನ್ನನ್ನು ಬಾಗಿಲಲ್ಲಿ ತಡೆಯಲಿಲ್ಲ. ತಡೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಶೀಟಿನ ಚಾವಣಿಯ ಕೆಳಗಿನ ಆ ಬಿಸಿಗೆ, ಒಂದೆರಡು ದಿನಗಳಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಬಾಯಲ್ಲಿ ನೀರು ಬಿಟ್ಟುಕೊಂಡು ಮೆತ್ತಗೆ ಜೋತುಬಿದ್ದಿದ್ದವು. ಬಿಸಿಲು ಬೀಳುವ ಕಡೆಯ ಸ್ಟ್ಯಾಂಡುಗಳು ಪೂರ್ತಿ ಹೋಗಿವೆ; ಈಚೆ ಕಡೆಯವು ಬದುಕಬಹುದು, ಹೇಳಲಾಗದು. ವೆಂಕಟರಾಮಪ್ಪ ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ಗುಂಡಿಗೆ ಹಾಕುತ್ತಿದ್ದರು. ಅಮ್ಮಾಜಮ್ಮ ಜಗಲಿಯ ಮೇಲೆ ಕೂತು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು. "ಅಯ್ಯೋ ದೇವುಡಾ, ಪವಿತ್ರ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ. ನಾನು ಅದು ಕೂಗ್ತದೆ ಕೂಗ್ತದೆ ಅಂತ ಕೂತಿದ್ದೆ." ಪವಿತ್ರ ಅಂದರೆ ಸೊಸೆ; ಹೆಸರು ಇವತ್ತೇ ಕೇಳಿದ್ದು.

ಬಾಕ್ಸು ಅಲ್ಲೇ ನೇತಾಡುತ್ತಿತ್ತು. ನಾನು ಮುಚ್ಚಳ ತೆಗೆದೆ, ಸೆಲ್ ಕಿತ್ತು ಮತ್ತೆ ಹಾಕಿದೆ. ಎದ್ದಿತು. ಓದಿದೆ. ನಿಂತದ್ದಕ್ಕೂ ಎದ್ದದ್ದಕ್ಕೂ ನಡುವೆ ಏನೂ ಇಲ್ಲ. ಕರೆಂಟು ಹೋಗಿ ಬಂತು, ಮುಚ್ಚಳ ತೆಗೆದಿತ್ತು. ಅದು ನಾನೇ, ಈಗ. ಅದಕ್ಕೆ ಮುಂಚೆ ಯಾರೂ ಮುಟ್ಟಿಲ್ಲ.

ಹಾಗಾದರೆ ಅದನ್ನು ನಿಲ್ಲಿಸಿದವರು ಯಾರು?

ಏಪ್ರಿಲ್ ೭, ಸೋಮವಾರ

ಆ ಬಾಕ್ಸನ್ನು ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಹೊರಗಿನಿಂದ ವೈರು ಕೊಟ್ಟು ನಡೆಸಿದರೆ ಎಷ್ಟು ಕೂಗಿಸಿದರೂ ನಿಲ್ಲುವುದಿಲ್ಲ.

ಹರಿಣಿ ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಒಂದು ಕಡೆ ಕಣ್ಣು ನಿಂತಿತು. ಚಿಪ್‌ನೊಳಗೆ ಒಂದು ಕಾವಲು ಇರುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದು ಚಿಪ್ಪನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ, ವೋಲ್ಟೇಜ್ ಸರಿಯಾದ ಮೇಲೆ ಹೊಸದಾಗಿ ಎಬ್ಬಿಸುತ್ತದೆ. ಆ ಕಾವಲನ್ನು ಅವಳು ಆಫ್ ಮಾಡಿಟ್ಟಿದ್ದಳು.

"ಯಾರ್ನ ಕೇಳಿ ತೆಗ್ದೆ ಇದನ್ನ?"

"ಸೆಲ್ ಒಂದು ವರ್ಷ ಬರ್ಲೇಬೇಕು ಅಂತ ಕೂತಿದ್ದು ಯಾರು? ಚಿಪ್ ಮಲಗಿದ್ದಾಗ್ಲೂ ಅದು ಸೆಲ್ ತಿಂತಾ ಇರುತ್ತೆ. ನಿನ್ಗೆ ಹೇಳಿದ್ದೆ ಕಣೇ. ಜಂಗಮಕೋಟೆಯಿಂದ ಬರ್ತಾ ಬಸ್ಸಲ್ಲಿ."

"ಹೇಳಿಲ್ಲ."

"ಹೇಳಿದ್ದೆ."

"ನಮ್ಮದು ಕೆಡ್ಲಿ ಅಂತ ಯಾರಾದ್ರೂ ನಿನ್ಗೆ..." ನಾನು ಪೂರ್ತಿ ಮಾಡಲಿಲ್ಲ. ಮಾಡುವ ಅಗತ್ಯವಿರಲಿಲ್ಲ.

ಅವಳು ಬ್ಯಾಗ್ ತೆಗೆದುಕೊಂಡಳು. ಕೂಗಾಡಲಿಲ್ಲ. "ಮೊದ್ಲು ಆ ಅಜ್ಜಿ. ಆಮೇಲೆ ಆ ಹುಡ್ಗಿ. ಈಗ ನಾನು. ನಾಳೆ ಯಾರು, ಹೇಳ್ಬಿಡು, ಅವ್ರಿಗೂ ತಿಳಿಸ್ತೀನಿ," ಅಂದು ಮೆಟ್ಟಿಲಿಳಿದು ಹೋದಳು.

ಹೇಳಿರಲಿಲ್ಲ. ನನಗೆ ನೆನಪಿಲ್ಲ.

ಏಪ್ರಿಲ್ ೮, ಮಂಗಳವಾರ

ಹರಿಣಿ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ನನ್ನ ಜೊತೆ ಮಾತಾಡದೆ ಬಾಕ್ಸನ್ನು ಎತ್ತಿಕೊಂಡು, ಭೂತಗನ್ನಡಿ ಹಿಡಿದು ಒಳಗೆ ನೋಡಿದಳು. ಬಹಳ ಹೊತ್ತಿನ ಮೇಲೆ ಅದನ್ನು ನನ್ನ ಕಡೆ ತಳ್ಳಿದಳು.

"ಸೆಲ್ ಕೂರೋ ಸ್ಪ್ರಿಂಗ್ ನೋಡು."

ಸ್ಪ್ರಿಂಗಿನ ತುದಿಯಲ್ಲಿ ಬಿಳಿ ಹೊಪ್ಪಳಿಕೆ, ಅಂಚಿನಲ್ಲಿ ಹಸಿರು ಬಣ್ಣ. ನಾನು ಮೇಜಿನ ಮೇಲೆ ಇದನ್ನು ಎಷ್ಟು ಸಲ ಪರೀಕ್ಷೆ ಮಾಡಿದರೂ ವೈರು ಕೊಟ್ಟೇ ಮಾಡಿದ್ದೆ, ಸೆಲ್ ಹಾಕಿ ಮಾಡಿರಲಿಲ್ಲ. ಬ್ಲೀಚಿಂಗ್ ಪೌಡರ್! ನಾವು ಬಾಕ್ಸಿಗೆ ರಬ್ಬರ್ ಪಟ್ಟಿ ಹಾಕಿಲ್ಲ. ಆ ಹೊಗೆ ಒಳಗೆ ಹೋಗಿ ಸ್ಪ್ರಿಂಗ್ ತಿಂದಿದೆ. ಬೇರೆ ಮನೆಗಳವರು ತೊಳೆಯುವಾಗ ಬಾಕ್ಸು ತೆಗೆದಿಡುತ್ತಾರೋ, ಅಥವಾ ಅಷ್ಟು ತೊಳೆಯುವುದೇ ಇಲ್ಲವೋ. ಈ ಮನೆಯಲ್ಲಿ ಬೆಳೆ ಬೆಳೆಗೂ ಮೂಲೆ ಮೂಲೆ ತೊಳೆಯುತ್ತಾರೆ.

ಅದೇ ಸ್ಪ್ರಿಂಗಿನಲ್ಲಿ ಸೆಲ್ ಕೂರಿಸಿ, ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಚ್ಚಿದೆವು. ಸುಮ್ಮನಿದ್ದಾಗ ಗೆರೆ ನೆಟ್ಟಗಿತ್ತು. ರೇಡಿಯೋ ಮಾತಾಡಿದಾಗ ಸ್ವಲ್ಪ ಕುಗ್ಗಿ ಮೇಲೆದ್ದಿತು. ಹೇರ್ ಡ್ರೈಯರಿನಿಂದ ಬಿಸಿ ಮಾಡಿದೆ. ಮಿತಿ ದಾಟಿತು, ಬಾಕ್ಸು ಕೂಗಲು, ಸುದ್ದಿ ಕಳಿಸಲು ಎರಡಕ್ಕೂ ಒಟ್ಟಿಗೆ ಹೊರಟಿತು. ಗೆರೆ ಹಳ್ಳಕ್ಕೆ ಬಿದ್ದ ಹಾಗೆ ಬಿತ್ತು. ಮೇಲೆ ಬರಲಿಲ್ಲ. ಅರ್ಧದಲ್ಲಿ ನಿಂತುಬಿಟ್ಟಿತು. ಕಾವಲಿಲ್ಲದ ಚಿಪ್ ಅತ್ತ ಸತ್ತೂ ಇಲ್ಲ, ಇತ್ತ ಬದುಕಿಯೂ ಇಲ್ಲ. ಆನ್ ಆದ ರೇಡಿಯೋವನ್ನು ಆರಿಸುವವರಿಲ್ಲದೆ ಅದು ಸೆಲ್ ಹೀರುತ್ತಲೇ ಇತ್ತು. ಸೆಲ್ ಕಿತ್ತು ಮತ್ತೆ ಹಾಕುವವರೆಗೂ ಹಾಗೇ ಇರುತ್ತದೆ.

ಕೂಗಲೇಬೇಕಾದ ಹೊತ್ತಿನಲ್ಲೇ ಅದು ನಿಲ್ಲುತ್ತಿತ್ತು. ಬಿಸಿಲೇರಿದಾಗಲೇ ಯಾಕೆ ಎಂಬುದಕ್ಕೆ ನಾನು ಎಂಥ ಕಥೆ ಕಟ್ಟಿದ್ದೆ.

ಹರಿಣಿ ಹೋದ ಮೇಲೆ ಮಾರ್ಚ್ ಇಪ್ಪತ್ತಾರರದ್ದನ್ನು ಮತ್ತೆ ತೆಗೆದು ನೋಡಿದೆ. ನಡೆಯುತ್ತಿರುವ ಬಾಕ್ಸಿನ ಮುಚ್ಚಳ ತೆಗೆದಿದ್ದರೆ, ಸೆಲ್ ಕೀಳುವ ಮುಂಚೆಯೇ ಚಿಪ್ ಬೆಳಕು ಕಂಡಿರಬೇಕು, ಬರೆದಿರಬೇಕು. ಅಂಥದ್ದೇನೂ ಇಲ್ಲ. ಬೆಳಕು ಕಂಡದ್ದು ಎದ್ದ ಮೇಲೆ. ಅಂದರೆ ಮುಚ್ಚಳ ತೆಗೆದಾಗ ಬಾಕ್ಸು ಆಗಲೇ ಬಿದ್ದುಹೋಗಿತ್ತು. ಬಿದ್ದದ್ದನ್ನು ಪವಿತ್ರ ಎಬ್ಬಿಸಿದಳು. ಪ್ರತಿ ಸಲವೂ ಅವಳೇ ಎಬ್ಬಿಸಿದ್ದಾಳೆ. ಶನಿವಾರ ನಾನು ಮಾಡಿದ್ದೂ, ಅದು ಬಿಟ್ಟ ಗುರುತೂ ಅಕ್ಷರಶಃ ಅದೇ.

"ಯಾವಾಗ ತೆಗ್ದೆ ಅಂತ ಕೇಳಿ" ಅಂದಿದ್ದಳು.

ಏಪ್ರಿಲ್ ೯, ಬುಧವಾರ

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅವರೆಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅವರು ನನ್ನ ಬಾಗಿಲಲ್ಲಿ ನಿಲ್ಲಿಸಿದ್ರಮ್ಮ. ಪೇಪರ್ ಕಪ್ಪಲ್ಲಿ ಕಾಫಿ ಕೊಟ್ರು. ನಾನು ಹೆಂಗೆ ನಂಬ್ಬೇಕಿತ್ತು?"

"ಹುಳುಮನೆ ಬಾಗ್ಲಲ್ಲಿ ಎಲ್ಲಾರ್ನೂ ನಿಲ್ಲಿಸ್ತಾರೆ ಕಣಮ್ಮ. ನನ್ನ ಜೊತೆ ಬರ್ತಿದ್ದ ಡಾಕ್ಟ್ರನ್ನೂ ನಿಲ್ಲಿಸ್ತಿದ್ರು. ಸೊಪ್ಪಿನ ಆಳು ಕಾಲು ತೊಳ್ಕೊಂಡು ಹೋಗಿರ್ತಾನೆ, ನೀನು ನೋಡಿರಲ್ಲ." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಅಂದಳು, "ಕಪ್ಪಿನ ವಿಷ್ಯ ಬೇರೆ. ಆ ಮನೇಲಿ ನಾನು ಮಕ್ಕಳಿಗೆ ಇಂಜೆಕ್ಷನ್ ಹಾಕಕ್ಕೆ ಹೋದಾಗ ನನ್ಗೂ ಲೋಟ ಬೇರೆ ಇಡ್ತಿದ್ರು. ಅದ್ರಲ್ಲಿ ನಿನ್ನ ಅನುಮಾನ ಸುಳ್ಳಲ್ಲ. ಆದ್ರೆ ಅದನ್ನ ಎತ್ಕೊಂಡೋಗಿ ಆ ಹುಡ್ಗಿ ತಲೆ ಮೇಲೆ ಹಾಕ್ದೆಯಲ್ಲ, ಅವ್ಳು ಏನು ಮಾಡಿದ್ಲು?"

ನಾನು ಕಾಳು ಬಿಡಿಸಲು ಕೂತೆ.

ಏಪ್ರಿಲ್ ೧೧, ಶುಕ್ರವಾರ

ಹರಿಣಿಗೆ ಬೆಳಿಗ್ಗೆ ಫೋನ್ ಮಾಡಿ, "ಬಸ್ಸಲ್ಲಿ ನೀನು ಹೇಳಿದ್ದೆ ಅನ್ಸುತ್ತೆ," ಅಂದೆ. "ಅನ್ಸುತ್ತೆ ಅಲ್ಲ, ಹೇಳಿದ್ದೆ," ಅಂದಳು. ಆಮೇಲೆ, "ನಾನೂ ಬರ್ಲಾ ದಿಬ್ಬೂರಹಳ್ಳಿಗೆ?" ಅಂದಳು. ಬೇಡ ಅಂದೆ. ಅವತ್ತು ಆರೋಪ ಹೇಳಿದವಳು ನಾನು, ಈಗ ತಪ್ಪಾಯಿತೆಂದು ಹೇಳಬೇಕಾದವಳೂ ನಾನೇ.

ಹಿಂದೆ ಹೇಳಿದ ಜಾಗದಲ್ಲೇ, ಜಗಲಿಯ ಮುಂದೆ ನಿಂತುಕೊಂಡೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಈಚೆ ಕಡೆ ಬದುಕುಳಿದ ಹುಳುಗಳು ಗೂಡು ಕಟ್ಟಿದ್ದವು, ಪಕ್ಕದ ಮನೆಯ ಇಬ್ಬರು ಹೆಂಗಸರು ಅವನ್ನು ಬಿಡಿಸಲು ಬಂದಿದ್ದರು. ಅವರೂ ಕೇಳಲಿ ಅಂತಲೇ ಸ್ವಲ್ಪ ಜೋರಾಗಿ ಹೇಳಿದೆ.

"ಬಾಕ್ಸು ನಿಲ್ತಿದ್ದಿದ್ದು ನಮ್ಮ ತಪ್ಪಿಂದ. ಪವಿತ್ರ ಅವ್ರು ಅದನ್ನ ನಿಲ್ಲಿಸ್ತಿರ್ಲಿಲ್ಲ. ನಿಂತಾಗೆಲ್ಲ ಎಬ್ಬಿಸ್ತಿದ್ರು. ಅವ್ರಿದ್ದಷ್ಟು ದಿನ ಬೆಳೆ ಉಳ್ದಿತ್ತು. ನಾನು ಅವ್ರ ಮೇಲೆ ಸುಳ್ಳು ಹೇಳ್ದೆ."

ಸ್ಪ್ರಿಂಗ್ ತೋರಿಸಿದೆ. ವೆಂಕಟರಾಮಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು.

"ಇಷ್ಟಕ್ಕಾ," ಅಂದರು. ಆಮೇಲೆ, "ನೀನು ಅವತ್ತು ಅವ್ಳನ್ನ ಒಂದ್ಮಾತು ಕೇಳಿದ್ರೆ ಆಗ್ತಿತ್ತಲ್ಲಮ್ಮ."

"ಹೌದು ಸಾರ್. ಕೇಳ್ಬೇಕಿತ್ತು." ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ, ಬಾಯಿಗೆ ಬಂದುಬಿಟ್ಟಿತು. "ನೀವೂ ಕೇಳ್ಲಿಲ್ಲ."

ಅವರು ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು. ಅಮ್ಮಾಜಮ್ಮ ಒಳಗೆ ಎದ್ದು ಹೋದರು. ಕಾಫಿ ತರುತ್ತಾರೋ ಏನೋ ಅಂದುಕೊಂಡು ನಾನು ಹೊರಟುಬಿಟ್ಟೆ. ಇವತ್ತು ಯಾವುದರಲ್ಲಿ ಕೊಡುತ್ತಾರೆಂದು ನೋಡುವ ಶಕ್ತಿ ಇರಲಿಲ್ಲ.

ಏಪ್ರಿಲ್ ೧೨, ಶನಿವಾರ

ಚಿಂತಾಮಣಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಪವಿತ್ರಳ ತವರೂರು. ಅವಳ ತಾಯಿ ಒಳಗೆ ಕರೆದು ಚಾಪೆ ಹಾಕಿದರು. ಪವಿತ್ರ ಎದುರು ಕೂತಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ನನ್ಗೆ ಗೊತ್ತಿತ್ತು," ಅಂದಳು. "ನೀವು ಮೊದಲ್ನೇ ಸಲ ಬಂದಾಗ ಸೆಲ್ ತೆಗ್ದು ಹಾಕಿದ್ರಲ್ಲ, ಅದನ್ನ ನೋಡ್ಕೊಂಡಿದ್ದೆ. ನಿಂತಾಗೆಲ್ಲ ಹಂಗೇ ಮಾಡ್ತಿದ್ದೆ. ಅದು ಕೆಂಪು ದೀಪ ಮಿಣಕ್ಸೋದು ನಿಲ್ಸಿದ್ರೆ ಗೊತ್ತಾಗ್ತಿತ್ತು. ಯಾಕೆ ನಿಲ್ತದೆ ಅಂತ ನಿಮ್ಮನ್ನ ಕೇಳಣ ಅಂದ್ಕೊಂಡೆ, ಆಗ್ಲಿಲ್ಲ."

"ಫೋನ್ ಮಾಡ್ಬೋದಿತ್ತಲ್ಲ?"

"ನಿಮ್ಮ ನಂಬರ್ ನನ್ಹತ್ರ ಎಲ್ಲಿತ್ತು? ಬಾಕ್ಸಿನ ಮೆಸೇಜು ಮಾವನ ಫೋನಿಗೆ ಬರ್ತದೆ, ನಮ್ಮನೆಯೋರ ಫೋನಿಗೆ ಬರ್ತದೆ. ಒಬ್ರು ತೋಟದಲ್ಲಿರ್ತಾರೆ, ಇನ್ನೊಬ್ರು ಗೌರಿಬಿದನೂರಲ್ಲಿ. ಹುಳದ ಹತ್ರ ಇರೋಳು ನಾನು. ನನ್ನ ಫೋನ್ ನಂಬರ್ ನೀವು ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಬಾಕ್ಸು ಹಾಕಿದ ದಿನ ಮನೆಯ ಗಂಡಸರ ನಂಬರ್ ಬರೆದುಕೊಂಡು ಬಂದವಳು ನಾನೇ.

ಬೆಳಕಿನ ಕಣ್ಣಿನ ವಿಷಯವನ್ನೂ ಹೇಳಿದೆ. ಅದನ್ನು ಕೇಳಿ ಮಾತ್ರ ಅವಳ ಮುಖ ಕೆಂಪಾಯಿತು. "ನಾನು ಬಿಎಸ್ಸಿ ಓದಿದೀನಿ ಮೇಡಂ," ಅಂದಳು. "ಕೆಡಿಸೋದಾದ್ರೆ ಇನ್ನೂ ಸರ್ಯಾಗಿ ಕೆಡಿಸ್ತಿದ್ದೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೂ ನಗಲಿಲ್ಲ. ಅವಳ ತಾಯಿ ಊಟಕ್ಕೆ ಎಬ್ಬಿಸಿದರು. ಮುದ್ದೆ, ಹುರುಳಿಕಾಳು ಸಾರು. ಎಲ್ಲರಿಗೂ ಒಂದೇ ಥರದ ತಟ್ಟೆ. ಗಮನಿಸಬಾರದು ಅಂದುಕೊಂಡರೂ ಗಮನಿಸಿದೆ.

ನಾನು ಹೊರಡುವಾಗ ಸುನೀಲ್‌ಕುಮಾರ್ ಬೈಕು ನಿಲ್ಲಿಸುತ್ತಿದ್ದ. ನನ್ನನ್ನು ನೋಡಿ, "ಅಪ್ಪ ಕಳ್ಸಿದ್ರು," ಅಂದ. ಒಳಗೆ ಹೋಗಲು ಅವನೂ ಸ್ವಲ್ಪ ಹೆದರಿದವನ ಹಾಗೆ ಚಪ್ಪಲಿ ಬಿಡುವುದಕ್ಕೇ ಬಹಳ ಹೊತ್ತು ತೆಗೆದುಕೊಂಡ.

ಏಪ್ರಿಲ್ ೨೮, ಸೋಮವಾರ

ಹೊಸ ಬಾಕ್ಸು ಹಾಕಿ ಬಂದೆವು. ಈ ಸಲ ಹರಿಣಿಯೂ ಬಂದಿದ್ದಳು. ಕಾವಲು ಮತ್ತೆ ಹಾಕಿದ್ದೇವೆ. ಸೆಲ್ ವರ್ಷ ಬಾರದಿದ್ದರೆ ಬೇಡ. ಮುಚ್ಚಳಕ್ಕೆ ರಬ್ಬರ್ ಪಟ್ಟಿ, ತುಕ್ಕು ಹಿಡಿಯದ ಸ್ಪ್ರಿಂಗ್. ಮೊದಲು ಕೂಗು, ಅದು ಮುಗಿದ ಮೇಲೆ ರೇಡಿಯೋ. ಎರಡೂ ಒಟ್ಟಿಗೆ ಇಲ್ಲ. ಬೆಳಕಿನ ಕಣ್ಣು ತೆಗೆದೆ. ಸುದ್ದಿ ಈಗ ಮೊದಲು ಪವಿತ್ರಳ ಫೋನಿಗೆ ಹೋಗುತ್ತದೆ. ಇದು ಅವಳು ವಾಪಸ್ ಬರುವುದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದಂತೆ. ಉಳಿದವು ಏನೆಂದು ನಾನು ಕೇಳಲಿಲ್ಲ.

ಸಂಘದವರು ಈ ಬೆಳೆ ನೋಡಿ ಹೇಳುತ್ತೇವೆ ಅಂದಿದ್ದಾರೆ. ಬೇಡ ಅಂದರೂ ಅನ್ನಬಹುದು. ವೆಂಕಟರಾಮಪ್ಪ ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ.

ಕಾಲು ತೊಳೆದುಕೊಂಡು ಹುಳುಮನೆಯೊಳಗೆ ಹೋದೆ. ಅಮ್ಮಾಜಮ್ಮ ಎರಡು ಪೇಪರ್ ಕಪ್ಪಿನಲ್ಲಿ ಕಾಫಿ ತಂದರು, ನನಗೊಂದು, ಹರಿಣಿಗೊಂದು. ಹರಿಣಿ ಅವರ ಪೈಕಿಯವಳೇ. ಹಾಗಾದರೆ ಬಂದವರಿಗೆಲ್ಲ ಹಾಗೆಯೇ ಇರಬಹುದು. ಅಥವಾ ನನ್ನ ಜೊತೆ ಬಂದದ್ದಕ್ಕೆ ಅವಳಿಗೂ ಹಾಗೆ ಇರಬಹುದು. ಪವಿತ್ರ ಅದನ್ನು ನೋಡಿ, ಒಳಗೆ ಹೋಗಿ, ತನ್ನ ಕಾಫಿಯನ್ನೂ ಪೇಪರ್ ಕಪ್ಪಿಗೆ ಸುರಿದುಕೊಂಡು ಬಂದು ನಮ್ಮ ಪಕ್ಕ ಕೂತಳು.

ಮೇ ೧೪, ಬುಧವಾರ

ಮಧ್ಯಾಹ್ನ ಫೋನ್ ಬಂತು.

"ಸಂಘಮಿತ್ರ ಅವ್ರಾ? ನಾನು ಪವಿತ್ರ. ನಿಮ್ಮ ಬಾಕ್ಸು ತೇವ ಜಾಸ್ತಿ ತೋರಿಸ್ತಿದೆ. ನನ್ಗೆ ಅನುಮಾನ. ಸೊಪ್ಪು ಇಷ್ಟು ಬೇಗ ಒಣಗ್ತಿರೋವಾಗ ತೇವ ಅಷ್ಟಿರಕ್ಕೆ ಸಾಧ್ಯ ಇಲ್ಲ."

ಇಲ್ಲಿ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತಿದೆ. ಹರಿಣಿ, "ಚಿಪ್ ಬರ್ದಿರೋ ಲಾಗ್ ತೆಗೀಲಾ?" ಅಂದಳು. ಬೇಡ ಅಂದೆ. ಪವಿತ್ರ ಹೇಳಿದ ಮೇಲೆ ಏನೋ ಇರಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.